ಸವೆದ ಎಂಜಿನ್ನಿನ ಪುನರುಜ್ಜೀವನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಓಡಾಡಿದವರಿಗೆ ಒಂದು ಸಂಗತಿ ಸಹಜವಾಗಿ ಕಂಡಿರುತ್ತದೆ. ಇಲ್ಲಿ ರೈಲುಮಾರ್ಗವಿಲ್ಲ. ಮನೆಗಳು ಒತ್ತೊತ್ತಾಗಿರದೆ ಗುಡ್ಡದ ಆಚೆಗೊಂದು, ಹಳ್ಳದ ಈಚೆಗೊಂದು, ತೋಟದ ನಡುವೆ ಇನ್ನೊಂದು ಎಂಬಂತೆ ಚದರಿಕೊಂಡಿವೆ. ಅಡಕೆಯ ಚೀಲ ಮಂಡಿಯನ್ನು ಸೇರಬೇಕಾದರೂ ಮೋಟಾರೇ ಗತಿ. ಕಾಯಿಲೆಯವರು ಆಸ್ಪತ್ರೆಯನ್ನು ಸೇರಬೇಕಾದರೂ ಮೋಟಾರೇ ಗತಿ. ಹೀಗಾಗಿ ನಮ್ಮ ಕಡೆ ಹಳೆಯ ಜೀಪು, ಹಳೆಯ ಪಿಕಪ್ಪುಗಳು ಅಂಗಳದ ಅಲಂಕಾರಗಳಲ್ಲ. ಹಿಂದೆ ಎತ್ತಿನ ಜೋಡಿಗೆ ಇದ್ದ ಸ್ಥಾನ ಇಂದು ಅವಕ್ಕೆ ಉಂಟು.

ಕಳೆದ ಬೇಸಗೆಯಲ್ಲಿ ಅಂಥ ಒಂದು ಪಿಕಪ್ಪು ನನ್ನ ಪಾಲಿಗೆ ಪಾಠವಾಗಿ ಪರಿಣಮಿಸಿತು. ನನ್ನ ವಿದ್ಯಾರ್ಥಿಯೊಬ್ಬನ ಮನೆ ಕೊಪ್ಪ ಮತ್ತು ಶೃಂಗೇರಿಗಳ ನಡುವಣ ಒಂದು ತೋಟದಲ್ಲಿದೆ. ಅವನ ಅಜ್ಜ ಕೊಂಡ ಮಹೀಂದ್ರ ಎಫ್‌ಸಿ-150 ಪಿಕಪ್ಪು ಇನ್ನೂ ಅಲ್ಲಿ ದುಡಿಯುತ್ತಿದೆ. ಅಮೆರಿಕದ ವಿಲ್ಲೀಸ್ ಜೀಪನ್ನು 1947ರಲ್ಲಿ ಭಾರತಕ್ಕೆ ತಂದ ಮಹೀಂದ್ರ ಸಂಸ್ಥೆಯು 1965ರಿಂದ ಹಗುರ ಸರಕುವಾಹನಗಳ ತಯಾರಿಕೆಗೆ ತೊಡಗಿತು. ಚಾಲಕನ ಕೋಣೆಯನ್ನು ಎಂಜಿನ್ನಿನ ಮೇಲೆಯೇ ಕೂರಿಸಿರುವ, ಮೊಂಡು ಮೂತಿಯ ಈ ಗಾಡಿ ಆ ಕಾಲದ್ದು.

ಗಾಡಿ ಈಗ ಏರು ಹತ್ತದಾಗಿತ್ತು. ಹಿಂದೆ ನೀಲಿಹೊಗೆ, ಒಳಗೆ ಎಣ್ಣೆಯ ವಾಸನೆ. ಪಟ್ಟಣದ ಒಂದು ಗ್ಯಾರೇಜಿನಲ್ಲಿ ಎಂಜಿನ್ನನ್ನು ಪೂರ್ತಿ ಬಿಚ್ಚಿಸಿ ಕಟ್ಟಿಸಿ ಕೆಲವೇ ವರ್ಷಗಳಾಗಿದ್ದವು. ಅಜ್ಜ ನೇರವಾಗಿ ಕೇಳಿದರು: “ಮೇಷ್ಟ್ರೇ, ಇದಕ್ಕೆ ಮತ್ತೆ ದುಡ್ಡು ಸುರಿಯಬಹುದೋ, ಗುಜರಿಗೆ ಕೊಟ್ಟುಬಿಡುವುದೋ? ಮಳೆ ಹಿಡಿಯುವುದರೊಳಗೆ ಲೆಕ್ಕ ಮಾಡಿ ಹೇಳಿ.” ಗುಜರಿಯವನು ಆಗಲೇ ಒಮ್ಮೆ ಬಂದು ಬೆಲೆ ಕಟ್ಟಿ ಹೋಗಿದ್ದನು. ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದ ಬಗೆಯನ್ನು ಇಲ್ಲಿ ವಿವರಿಸುತ್ತೇನೆ. ಇದರಲ್ಲಿ ಬರುವ ಭೌತವಿಜ್ಞಾನವು ನೀವು ತರಗತಿಯಲ್ಲಿ ಓದುವುದಕ್ಕಿಂತ ಹೆಚ್ಚಿನದೇನೂ ಅಲ್ಲ.

ಎಂಜಿನ್ನಿನ ಉಸಿರು

ಮೊದಲು ಆರೋಗ್ಯವಾಗಿರುವ ಎಂಜಿನ್ನು ಏನು ಮಾಡುತ್ತದೆ ಎಂಬುದನ್ನು ನೋಡೋಣ. ಈ ಗಾಡಿಯದು ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ನು. ಪ್ರತಿಯೊಂದು ಸಿಲಿಂಡರಿನ ಒಳವ್ಯಾಸ ಮೂಲತಃ 79.4 ಮಿಲಿಮೀಟರ್. ಅದರಲ್ಲಿ ಮೇಲೆ ಕೆಳಗೆ ಚಲಿಸತಕ್ಕ ಪಿಸ್ಟನ್ನು ಒಂದು ಸಲಕ್ಕೆ ಸಾಗುವ ದೂರ 111.1 ಮಿಲಿಮೀಟರ್. ಈ ಎರಡು ಅಳತೆಗಳಿಂದ ಒಂದು ಸಿಲಿಂಡರಿನ ಗಾತ್ರ 550 ಘನ ಸೆಂಟಿಮೀಟರ್ ಎಂದೂ, ನಾಲ್ಕರ ಒಟ್ಟು ಗಾತ್ರ 2,200 ಘನ ಸೆಂಟಿಮೀಟರ್ ಎಂದೂ ನೀವೇ ಲೆಕ್ಕ ಹಾಕಬಹುದು.

ಪಿಸ್ಟನ್ನು ಕೆಳಗಿಳಿಯುವಾಗ ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವು ಒಳಗೆ ಬರುತ್ತದೆ. ಮೇಲೇರುವಾಗ ಆ ಮಿಶ್ರಣ ಅದುಮಲ್ಪಡುತ್ತದೆ. ಬಳಿಕ ಕಿಡಿ ಹಾರಿ ಉರಿದು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಕೊನೆಗೆ ಸುಟ್ಟ ಅನಿಲ ಹೊರಬೀಳುತ್ತದೆ. ನಾಲ್ಕು ಹೊಡೆತಗಳಲ್ಲಿ ಕೆಲಸ ಸಿಕ್ಕುವುದು ಒಂದರಲ್ಲಿ ಮಾತ್ರ. ಆ ಒಂದು ಹೊಡೆತದ ಬಲವು ಅದಕ್ಕೆ ಮುಂಚಿನ ಅದುಮುವಿಕೆಯನ್ನು ಅವಲಂಬಿಸಿದೆ.

ಈ ಎಂಜಿನ್ನಿನಲ್ಲಿ ಮಿಶ್ರಣವು ಸುಮಾರು ಏಳನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಉಷ್ಣವು ಹೊರಹೋಗಲು ಅವಕಾಶವಿಲ್ಲದಂತೆ ಥಟ್ಟನೆ ಅದುಮಿದರೆ ಒತ್ತಡವು ಏಳು ಪಟ್ಟಾಗದೆ ಹನ್ನೆರಡು ಪಟ್ಟಿಗೂ ಮಿಗಿಲಾಗುತ್ತದೆ. ಉಷ್ಣತೆ ಸುಮಾರು 270 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಬಲ್ಲಿರಷ್ಟೆ, ಇದೂ ಅದೇ. ಆದರೆ ಇದೆಲ್ಲ ನಡೆಯಬೇಕಾದರೆ ಅನಿಲವು ಪಿಸ್ಟನ್ನಿನ ಮಗ್ಗುಲಿನಿಂದ ಸೋರಿಹೋಗಬಾರದು. ಆ ಕಾವಲಿಗಾಗಿ ಪಿಸ್ಟನ್ನಿನ ಸುತ್ತ ತೋಡುಗಳಲ್ಲಿ ಬೀಡುಕಬ್ಬಿಣದ ತೆಳುವಾದ ಉಂಗುರಗಳನ್ನು ಕೂರಿಸಿರುತ್ತಾರೆ. ಇವಕ್ಕೆ ಗ್ಯಾರೇಜಿನಲ್ಲಿ ರಿಂಗು ಎನ್ನುತ್ತಾರೆ. ಸವೆತದ ಕಥೆಯೆಲ್ಲ ರಿಂಗು ಮತ್ತು ಗೋಡೆಗಳ ನಡುವಿನದು.

ಒಂದು ಚಮಚ ಎಣ್ಣೆಯ ಪ್ರಯೋಗ

ಗಾಡಿಯನ್ನು ನೋಡಲು ಬಂದ ಮೇಸ್ತ್ರಿಗಳು ಅರುವತ್ತು ದಾಟಿದವರು. ಕೊಪ್ಪದ ಸಾರಿಗೆ ನೌಕರರು 1991ರಲ್ಲಿ ತಾವೇ ಸಹಕಾರ ಸಂಘ ಕಟ್ಟಿಕೊಂಡು 6 ಬಸ್ಸುಗಳಿಂದ ಆರಂಭಿಸಿ 2020ರವರೆಗೆ ನಡೆಸಿದ ‘ಸಹಕಾರ ಸಾರಿಗೆ’ಯ ಹೆಸರನ್ನು ನೀವು ಕೇಳಿರಬಹುದು. ಆ ಕಾಲದ ಬಸ್ಸುಗಳ ನಡುವೆ ಕೈ ಪಳಗಿಸಿಕೊಂಡವರು ಇವರು. ಎಂಜಿನ್ನನ್ನು ಬಿಚ್ಚುವ ಆತುರ ಅವರಲ್ಲಿರಲಿಲ್ಲ. “ಬಿಚ್ಚಿದ ಮೇಲೆ ಎಲ್ಲವೂ ಕೆಟ್ಟದ್ದಾಗಿಯೇ ಕಾಣುತ್ತದೆ ಮೇಷ್ಟ್ರೇ. ಮೊದಲು ಅದರ ಬಾಯಿಂದಲೇ ಹೇಳಿಸಬೇಕು” ಎಂದರು.

ಸ್ಪಾರ್ಕ್ ಪ್ಲಗ್ಗಿನ ತೂತಿಗೆ ಒತ್ತಡಮಾಪಕವನ್ನು ಹಿಡಿದು, ಸ್ಟಾರ್ಟರಿನಿಂದ ಎಂಜಿನ್ನನ್ನು ತಿರುಗಿಸಿ ನೋಡಿದೆವು. ಸ್ಟಾರ್ಟರಿನ ನಿಧಾನಗತಿಯಲ್ಲಿ ಉಷ್ಣವೂ ಸ್ವಲ್ಪ ಅನಿಲವೂ ನಷ್ಟವಾಗುವುದರಿಂದ ಮಾಪಕವು ಲೆಕ್ಕದ ಬೆಲೆಗಿಂತ ಕಡಿಮೆಯನ್ನೇ ತೋರಿಸುತ್ತದೆ. ಆದರೂ ಒಳ್ಳೆಯ ಸ್ಥಿತಿಯಲ್ಲಿ ಚದರ ಇಂಚಿಗೆ 100 ಪೌಂಡಿನ ಆಸುಪಾಸು ಬರಬೇಕು. ನಮಗೆ ಕ್ರಮವಾಗಿ 78, 60, 64, 80 ಬಂದವು.

ಒತ್ತಡ ಕಡಿಮೆಯಾಗಲು ಮುಖ್ಯವಾಗಿ ಮೂರು ಕಾರಣಗಳು ಇರಬಹುದು. ರಿಂಗು ಮತ್ತು ಗೋಡೆ ಸವೆದಿರಬಹುದು. ಕವಾಟಗಳು ತಮ್ಮ ಪೀಠದ ಮೇಲೆ ಸರಿಯಾಗಿ ಕೂರದಿರಬಹುದು. ಅಥವಾ ಸಿಲಿಂಡರಿಗೂ ಅದರ ಮುಚ್ಚಳಕ್ಕೂ ನಡುವಣ ಗ್ಯಾಸ್ಕೆಟ್ಟು ಹರಿದಿರಬಹುದು. ಅಕ್ಕಪಕ್ಕದ ಎರಡು ಮತ್ತು ಮೂರನೆಯ ಸಿಲಿಂಡರುಗಳೇ ಹೆಚ್ಚು ದುರ್ಬಲವಾಗಿದ್ದುದರಿಂದ, ಅವುಗಳ ನಡುವೆ ಗ್ಯಾಸ್ಕೆಟ್ಟು ಹರಿದಿದೆ ಎಂಬುದು ನನ್ನ ಊಹೆ. ಮೇಸ್ತ್ರಿಗಳು ಮಾತಾಡದೆ ಪ್ರತಿಯೊಂದು ಪ್ಲಗ್ಗಿನ ತೂತಿಗೂ ಒಂದು ಚಮಚ ಎಂಜಿನ್ ಎಣ್ಣೆ ಸುರಿದು ಮತ್ತೆ ಅಳೆಯಿಸಿದರು. ಎಲ್ಲವೂ 90ರ ಮೇಲೆ ಹೋದವು.

ಇದರ ಅರ್ಥವನ್ನು ಯೋಚಿಸಿ. ಎಣ್ಣೆಯು ಪಿಸ್ಟನ್ನಿನ ತಲೆಯ ಸುತ್ತ ನಿಂತು ರಿಂಗಿನ ಸಂದುಗಳನ್ನು ಕ್ಷಣಕಾಲ ಮುಚ್ಚುತ್ತದೆ. ಕವಾಟದ ದೋಷವನ್ನಾಗಲಿ ಗ್ಯಾಸ್ಕೆಟ್ಟಿನ ದೋಷವನ್ನಾಗಲಿ ಅದು ಮುಚ್ಚಲಾರದು. ಒತ್ತಡ ಏರಿತು, ಆದಕಾರಣ ಸೋರಿಕೆ ರಿಂಗಿನ ಬಳಿ. ಬೇರೇನನ್ನೂ ಬದಲಿಸದೆ ಒಂದನ್ನು ಮಾತ್ರ ಬದಲಿಸಿ ಪರಿಣಾಮವನ್ನು ನೋಡುವುದೇ ಪ್ರಯೋಗದ ಮೂಲಸೂತ್ರ. ಪ್ರಯೋಗಶಾಲೆಯಲ್ಲಿ ನಾನು ವರ್ಷವೂ ಹೇಳುವ ಈ ಮಾತನ್ನು ಅಂದು ಒಂದು ಚಮಚ ಎಣ್ಣೆ ನನಗೇ ಹೇಳಿತು.

ರಿಂಗು ಹೇಳಿದ ಲೆಕ್ಕ

ಮುಚ್ಚಳವನ್ನು ತೆಗೆದಾಗ ಸಿಲಿಂಡರಿನ ಬಾಯ ಬಳಿ ಬೆರಳಿಗೆ ಒಂದು ಏಣು ತಗುಲಿತು. ಪಿಸ್ಟನ್ನು ಅತ್ಯಂತ ಮೇಲೇರಿದಾಗಲೂ ರಿಂಗು ಮುಟ್ಟದ ಭಾಗವದು. ಅದು ಮೊದಲಿನಂತೆಯೇ ಉಳಿದಿದೆ. ಅದರ ಕೆಳಗಿನ ಗೋಡೆ ಮಾತ್ರ ಸವೆದಿದೆ.

ಅತಿ ಹೆಚ್ಚಿನ ಸವೆತ ಏಣಿನ ಕೆಳಗೇ ಆಗುವುದೇಕೆ? ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 11 ಮೀಟರಿಗೂ ಹೆಚ್ಚು. ವೇಗವಿರುವಾಗ ರಿಂಗು ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತದೆ; ಕಬ್ಬಿಣಕ್ಕೆ ಕಬ್ಬಿಣ ತಗಲುವುದಿಲ್ಲ. ಆದರೆ ತುದಿಯಲ್ಲಿ ಪಿಸ್ಟನ್ನು ನಿಂತು ಹಿಂದಿರುಗಬೇಕು. ನಿಂತ ಆ ಗಳಿಗೆಯಲ್ಲಿ ಎಣ್ಣೆಯ ಪೊರೆ ತೆಳುವಾಗುತ್ತದೆ. ಮೇಲಿನ ತುದಿಯಲ್ಲಿ ಬೆಂಕಿಯ ಬಿಸಿಯೂ ಅನಿಲದ ಒತ್ತಡವೂ ಆಗಲೇ ಹೆಚ್ಚು. ಹೀಗಾಗಿ ಸಿಲಿಂಡರು ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿ, ತಲೆಕೆಳಗಾದ ಬಕೆಟ್ಟಿನ ವಿರುದ್ಧ ಆಕಾರವನ್ನು, ಎಂದರೆ ನೆಟ್ಟಗಿಟ್ಟ ಬಕೆಟ್ಟಿನ ಆಕಾರವನ್ನು ತಾಳುತ್ತದೆ.

ಆ ಅಗಲವನ್ನು ಅಳೆಯಲು ಬೇಕಾದ ಮಾಪಕ ನಮ್ಮಲ್ಲಿರಲಿಲ್ಲ. ಮೇಸ್ತ್ರಿಗಳು ಒಂದು ರಿಂಗನ್ನು ಬಿಡಿಯಾಗಿ ಎರಡನೆಯ ಸಿಲಿಂಡರಿನ ಬುಡದಲ್ಲಿ ಅಡ್ಡಲಾಗಿ ಕೂರಿಸಿ, ಅದರ ತುದಿಗಳ ನಡುವಣ ಸಂದನ್ನು ಫೀಲರ್ ಗೇಜಿನ ತೆಳು ಪಟ್ಟಿಗಳಿಂದ ನೋಡಿದರು, 0.40 ಮಿಲಿಮೀಟರ್. ಅದೇ ರಿಂಗನ್ನು ಏಣಿನ ಕೆಳಗೆ ತಂದು ನೋಡಿದರು, 0.90 ಮಿಲಿಮೀಟರ್. “ಈ ಹೆಚ್ಚಳವನ್ನು ಮೂರರಿಂದ ಭಾಗಿಸಿದರೆ ಸವೆತ ಸಿಕ್ಕುತ್ತದೆ” ಎಂದರು.

ನನಗೆ ಆನಂದವಾಯಿತು. ರಿಂಗಿನ ಉದ್ದ ಬದಲಾಗುವುದಿಲ್ಲ. ಪರಿಧಿ ಎಷ್ಟು ಹೆಚ್ಚಿತೋ ಸಂದು ಅಷ್ಟೇ ಹೆಚ್ಚಬೇಕು. ಪರಿಧಿಯು ವ್ಯಾಸದ ಪೈ ಪಟ್ಟು. ಆದ್ದರಿಂದ 0.50ನ್ನು 3.14ರಿಂದ ಭಾಗಿಸಿದರೆ ವ್ಯಾಸದ ಹೆಚ್ಚಳ 0.16 ಮಿಲಿಮೀಟರ್. ಎರಡು ತಲೆಗೂದಲುಗಳ ದಪ್ಪವನ್ನು, ಕೂದಲೇ ಅಲ್ಲದ ಒಂದು ಉಪಕರಣದಿಂದ ಅಳೆದಂತಾಯಿತು. ಉಳಿದ ಸಿಲಿಂಡರುಗಳ ಸವೆತ ಇದಕ್ಕಿಂತ ಕಡಿಮೆ.

ರಿಂಗಿಗೆ ಸಂದು ಏಕಿರಬೇಕು ಎಂದು ಕೆಲವರು ಕೇಳಬಹುದು. ಬೀಡುಕಬ್ಬಿಣವು ಪ್ರತಿ ಡಿಗ್ರಿಗೆ ತನ್ನ ಉದ್ದದ ಲಕ್ಷಕ್ಕೆ ಸುಮಾರು 1.1 ಭಾಗ ಹಿಗ್ಗುತ್ತದೆ. 250 ಮಿಲಿಮೀಟರ್ ಉದ್ದದ ರಿಂಗು ಗೋಡೆಗಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೆ 0.27 ಮಿಲಿಮೀಟರ್ ಬೆಳೆಯುತ್ತದೆ. ಸಂದೇ ಇಲ್ಲದಿದ್ದರೆ ತುದಿಗಳು ಒಂದಕ್ಕೊಂದು ಒತ್ತಿ ರಿಂಗು ಮುರಿಯುವುದು, ಇಲ್ಲವೆ ಗೋಡೆಯನ್ನು ಗೀರುವುದು.

ಲೆಕ್ಕ ತಪ್ಪಿದ್ದೆಲ್ಲಿ?

ಸವೆದುಹೋದ ಕಬ್ಬಿಣವನ್ನು ಮತ್ತೆ ಬಳಿದು ತುಂಬುವ ರೂಢಿ ಇಲ್ಲಿಲ್ಲ. ಓರೆಯಾದ ತೂತನ್ನು ಇನ್ನಷ್ಟು ಕೊರೆದು, ದೊಡ್ಡದಾದರೂ ನೆಟ್ಟಗಿರುವ ವೃತ್ತವನ್ನಾಗಿ ಮಾಡಿ, ಅದಕ್ಕೆ ಒಪ್ಪುವ ದೊಡ್ಡ ಪಿಸ್ಟನ್ನು ಹಾಕುತ್ತಾರೆ. ಇದೇ ಬೋರಿಂಗ್. ಇಂಚಿನ ಸಾವಿರದಲ್ಲಿ 10, 20, 30, 40 ಭಾಗಗಳಷ್ಟು ದೊಡ್ಡ ಪಿಸ್ಟನ್ನುಗಳು ಬರುತ್ತವೆ. ನಮ್ಮ ಎಂಜಿನ್ನು ಹಿಂದಿನ ದುರಸ್ತಿಯಲ್ಲಿಯೇ 30ನ್ನು ಮುಟ್ಟಿತ್ತು. ಉಳಿದಿದ್ದುದು ಕೊನೆಯ ಮೆಟ್ಟಿಲಾದ 40 ಒಂದೇ. ಅದೂ ಮುಗಿದರೆ ಸಿಲಿಂಡರಿನೊಳಗೆ ಹೊಸ ಕೊಳವೆಯನ್ನು ಒತ್ತಿ ಕೂರಿಸಬೇಕು; ನಾಲ್ಕಕ್ಕೂ ಕೂರಿಸುವ ಖರ್ಚನ್ನು ಅಜ್ಜನ ಮನೆ ತಾಳುವಂತಿರಲಿಲ್ಲ.

ನಾನು ಕೂಡಲೇ ಲೆಕ್ಕ ಹೇಳಿದೆ. 30ರಿಂದ 40ಕ್ಕೆ ಹೋಗುವಾಗ ವ್ಯಾಸ ಸಾವಿರದ 10 ಇಂಚು, ಎಂದರೆ 0.254 ಮಿಲಿಮೀಟರ್ ಹೆಚ್ಚುತ್ತದೆ. ಸವೆತ 0.16 ಮಾತ್ರ. ಧಾರಾಳವಾಗಿ ಸಾಕು!

ಮೇಸ್ತ್ರಿಗಳು ಕೈ ಒರೆಸಿಕೊಳ್ಳುತ್ತ, “ಒಂದೇ ಮಗ್ಗುಲು ತಿಂದಿದ್ದರೆ ಏನು ಮಾಡುತ್ತೀರಿ?” ಎಂದರು.

ಅಲ್ಲಿ ನನ್ನ ತಪ್ಪು ಸಿಕ್ಕಿಬಿದ್ದಿತು. ಪರಿಧಿಯನ್ನು ಪೈಯಿಂದ ಭಾಗಿಸುವಾಗ ತೂತು ವೃತ್ತವೆಂದು ನಾನು ಸುಮ್ಮನೆ ಒಪ್ಪಿಕೊಂಡಿದ್ದೆ. ಅದು ಅಂಡಾಕಾರವಾಗಿದ್ದರೆ ರಿಂಗು ಹೇಳುವುದು ಸರಾಸರಿ ವ್ಯಾಸವನ್ನೇ ಹೊರತು ಅತಿ ದೊಡ್ಡ ವ್ಯಾಸವನ್ನಲ್ಲ. ಅಂಡಾಕಾರವಾಗುವುದಕ್ಕೆ ಬಲವಾದ ಕಾರಣವೂ ಉಂಟು. ಪಿಸ್ಟನ್ನನ್ನು ಕ್ರ್ಯಾಂಕ್ ದಂಡಕ್ಕೆ ಸೇರಿಸುವ ಕೋಲು ಓರೆಯಾಗಿ ನಿಂತು ಬಲವನ್ನು ಹೊರುತ್ತದೆ. ಓರೆಯಾದ ಬಲವನ್ನು ಎರಡಾಗಿ ವಿಭಜಿಸಿದರೆ ಒಂದಂಶವು ಪಿಸ್ಟನ್ನನ್ನು ಗೋಡೆಗೆ ಒತ್ತುತ್ತದೆ. ಕೆಲಸದ ಹೊಡೆತದಲ್ಲಿ ಈ ಒತ್ತು ಯಾವಾಗಲೂ ಒಂದೇ ಮಗ್ಗುಲಿಗೆ.

ಎಂಜಿನ್ನಿನ ಬ್ಲಾಕನ್ನು ಶಿವಮೊಗ್ಗೆಗೆ ಒಯ್ದು ಡಯಲ್ ಮಾಪಕದಿಂದ ಎರಡು ದಿಕ್ಕುಗಳಲ್ಲಿ ಅಳೆಯಿಸಿದೆವು. ಕ್ರ್ಯಾಂಕ್ ದಂಡದ ಉದ್ದಕ್ಕೆ 0.11, ಅದಕ್ಕೆ ಅಡ್ಡಲಾಗಿ 0.21 ಮಿಲಿಮೀಟರ್ ಸವೆತ. ಸರಾಸರಿ 0.16, ರಿಂಗು ಸುಳ್ಳು ಹೇಳಿರಲಿಲ್ಲ, ನಾನು ಅದರ ಮಾತನ್ನು ತಪ್ಪಾಗಿ ಕೇಳಿದ್ದೆ. ಇನ್ನೂ ನೋಡಿದಾಗ ಆ 0.21ರಲ್ಲಿ 0.14 ಒಂದೇ ಗೋಡೆಯದು, ಎದುರು ಗೋಡೆಯದು 0.07. ಹಳೆಯ ನಡುಬಿಂದುವಿನಿಂದಲೇ ಕೊರೆದರೆ ಪ್ರತಿ ಮಗ್ಗುಲಲ್ಲಿ ಹೋಗುವುದು 0.127 ಮಾತ್ರ, ಸವೆದ ಮಗ್ಗುಲಲ್ಲಿ 0.013 ಮಿಲಿಮೀಟರಿನ ತಗ್ಗು ಹಾಗೆಯೇ ಉಳಿಯುತ್ತಿತ್ತು. ಕೊರೆಯುವವರು ಉಳಿಯ ನಡುವನ್ನು ಸವೆದ ಕಡೆಗೆ 0.02 ಮಿಲಿಮೀಟರ್ ಸರಿಸಿದರು. ಆಗ ಒಂದು ಕಡೆ 0.147, ಇನ್ನೊಂದು ಕಡೆ 0.107 ಹೋಗಿ ಎರಡೂ ಗೋಡೆಗಳು ಶುದ್ಧವಾದವು. ಕೊನೆಯ ಮೆಟ್ಟಿಲು ಕೂದಲೆಳೆಯ ಅಂತರದಲ್ಲಿ ದಕ್ಕಿತು. ನನ್ನ ಲೆಕ್ಕವನ್ನೇ ನಂಬಿ ಕೊರೆಸಿದ್ದರೆ ಬ್ಲಾಕು ಕೆಡುತ್ತಿತ್ತು.

ಸಿಲಿಂಡರು ಎರಡಕ್ಕೆ ಮಾತ್ರ 40 ಸಾಕಲ್ಲವೇ, ಉಳಿದವನ್ನೇಕೆ ಕೊರೆಯಬೇಕು ಎಂದು ಹುಡುಗ ಕೇಳಿದ. ನಾಲ್ಕು ಪಿಸ್ಟನ್ನುಗಳೂ ಸಮತೂಕದವಾಗಿರಬೇಕು; ಇಲ್ಲದಿದ್ದರೆ ಸೆಕೆಂಡಿಗೆ ಐವತ್ತು ಸುತ್ತು ತಿರುಗುವ ಎಂಜಿನ್ನು ಗಡಗಡ ಅದುರುತ್ತದೆ. ಆದಕಾರಣ ಎಲ್ಲಕ್ಕೂ ಒಂದೇ ಅಳತೆ.

ಸವೆತದ ಮೂಲ

ಇಷ್ಟಾದರೂ ಅಜ್ಜನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಹಿಂದಿನ ದುರಸ್ತಿ ಇಷ್ಟು ಬೇಗ ಏಕೆ ಹಾಳಾಯಿತು? ಆ ಕಾರಣವನ್ನು ತಿಳಿಯದೆ ಮಾಡುವ ದುರಸ್ತಿಗೆ ಅರ್ಥವಿಲ್ಲ.

ಗಾಡಿಯ ದೂರಮಾಪಕ ಕೆಟ್ಟು ಬಹುಕಾಲವಾಗಿತ್ತು. ಆದರೆ ಅಜ್ಜ ಪೆಟ್ರೋಲಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು: ಹಿಂದಿನ ದುರಸ್ತಿಯಿಂದೀಚೆಗೆ ಸುಮಾರು 3,500 ಲೀಟರ್. ಲೀಟರಿಗೆ ಎಂಟೂವರೆ ಕಿಲೋಮೀಟರಿನಂತೆ ಗಾಡಿ ಓಡಿದ್ದು ಸುಮಾರು 30,000 ಕಿಲೋಮೀಟರ್. ಒಳ್ಳೆಯ ದುರಸ್ತಿ ಇದರ ಮೂರು ಪಟ್ಟಾದರೂ ಬಾಳಬೇಕು. 0.14 ಮಿಲಿಮೀಟರನ್ನು 30,000ದಿಂದ ಭಾಗಿಸಿದರೆ ಕಿಲೋಮೀಟರಿಗೆ ಸವೆದದ್ದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಸುಮಾರು 4.7 ಭಾಗ. ಕಬ್ಬಿಣದ ಎರಡು ಪರಮಾಣುಗಳ ನಡುವಣ ದೂರ ಇದೇ ಮಾನದಲ್ಲಿ 0.25. ಎಂದರೆ ಪ್ರತಿಯೊಂದು ಕಿಲೋಮೀಟರಿಗೂ ಆ ಗೋಡೆಯಿಂದ ಹೆಚ್ಚುಕಡಮೆ 20 ಪರಮಾಣುಗಳ ದಪ್ಪದ ಪದರವೊಂದು ಎದ್ದುಹೋಗಿತ್ತು!

ಒಂದು ಲೀಟರ್ ಪೆಟ್ರೋಲು ಉರಿಯಲು ತೂಕದಲ್ಲಿ ಸುಮಾರು 15 ಪಟ್ಟು ಗಾಳಿ ಬೇಕು. ಗಾತ್ರದಲ್ಲಿ ಅದು 9 ಘನ ಮೀಟರ್, ಎಂದರೆ 9,000 ಲೀಟರ್. 3,500 ಲೀಟರ್ ಪೆಟ್ರೋಲಿಗೆ 31,500 ಘನ ಮೀಟರ್ ಗಾಳಿಯನ್ನು ಈ ಎಂಜಿನ್ನು ಉಸಿರಾಡಿದೆ. ನಮ್ಮ ತೋಟದ ರಸ್ತೆಗಳ ಕೆಂಪು ಧೂಳು ನಿಮಗೆ ಗೊತ್ತು. ಘನ ಮೀಟರಿಗೆ ಒಂದೇ ಮಿಲಿಗ್ರಾಮ್ ಧೂಳು ಒಳಹೊಕ್ಕಿತೆಂದು ಇಟ್ಟುಕೊಂಡರೂ 31 ಗ್ರಾಮ್ ಆಯಿತು. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಬೀಡುಕಬ್ಬಿಣಕ್ಕಿಂತ ಗಟ್ಟಿ. ಎಣ್ಣೆಯೊಡನೆ ಕಲೆತರೆ ಅವು ಸಾಣೆಯ ಲೇಪವೇ ಸರಿ.

ಧೂಳನ್ನು ತಡೆಯಲೆಂದೇ ಗಾಳಿಶೋಧಕ ಇರುವುದು. ಇದರಲ್ಲಿ ಗಾಳಿಯು ಎಣ್ಣೆಯ ತೊಟ್ಟಿಯ ಮೇಲೆ ಥಟ್ಟನೆ ತಿರುಗುತ್ತದೆ. ಭಾರವಾದ ಧೂಳು ಜಡತ್ವದಿಂದ ನೇರ ಹೋಗಿ ಎಣ್ಣೆಯಲ್ಲಿ ಬೀಳುತ್ತದೆ. ಶೋಧಕ ಚೆನ್ನಾಗಿಯೇ ಇತ್ತು. ಆದರೆ ಅದರಿಂದ ಕಾರ್ಬ್ಯುರೇಟರಿಗೆ ಹೋಗುವ ರಬ್ಬರು ಕೊಳವೆಯನ್ನು ಕಳಚಿ ಒಳಗೆ ಬೆರಳಾಡಿಸಿದಾಗ ಬೆರಳು ಕೆಂಪಾಯಿತು. ಕ್ಲಿಪ್ಪಿನ ಕೆಳಗೆ, ಹೊರಗಿನಿಂದ ಕಾಣದ ಜಾಗದಲ್ಲಿ, ರಬ್ಬರು ಎರಡಂಗುಲ ಸೀಳಿತ್ತು. ಶೋಧಕವನ್ನು ಬಳಸಿ ಹೋಗುವ ಕಳ್ಳದಾರಿ ಅದು. ಹಿಂದಿನ ದುರಸ್ತಿಯಲ್ಲಿ ಎಲ್ಲವನ್ನೂ ಹೊಸದು ಮಾಡಿದ್ದರು. ಈ ಕೊಳವೆಯನ್ನು ಮಾತ್ರ ಯಾರೂ ನೋಡಿರಲಿಲ್ಲ.

ಅಜ್ಜನಿಗೆ ಈಗ ಉತ್ತರ ಹೇಳಬಹುದಾಗಿತ್ತು. ನಾಲ್ಕು ಸಿಲಿಂಡರುಗಳಿಂದ ಹೋದ ಕಬ್ಬಿಣವನ್ನೆಲ್ಲ ಕೂಡಿಸಿದರೂ ನನ್ನ ಅಂದಾಜಿನಲ್ಲಿ 25 ಗ್ರಾಮನ್ನು ಮೀರುವುದಿಲ್ಲ. ಅಷ್ಟಕ್ಕಾಗಿ ಒಂದು ಟನ್ನಿಗೂ ಮಿಕ್ಕ ಗಾಡಿಯನ್ನು ಗುಜರಿಗೆ ಹಾಕಬೇಕಾಗಿಲ್ಲ. ಕಾರಣ ಸಿಕ್ಕಿದೆ, ಕೊಳವೆಯನ್ನು ಬದಲಿಸಿದರೆ ಈ ದುರಸ್ತಿ ಬಾಳುತ್ತದೆ. “ಹಾಗಾದರೆ ಮಾಡಿ” ಎಂದು ಅವರು ಎದ್ದು ತೋಟಕ್ಕೆ ಹೋದರು.

ಮರುಜೋಡಣೆ

ಕೊರೆದ ಗೋಡೆಯನ್ನು ಕನ್ನಡಿಯಂತೆ ನುಣುಪು ಮಾಡಬಾರದು. ಸಾಣೆಕಲ್ಲುಗಳಿಂದ ಅದರ ಮೇಲೆ ಒಂದನ್ನೊಂದು ಅಡ್ಡಹಾಯುವ ಸಣ್ಣ ಗೀರುಗಳನ್ನು ಮೂಡಿಸುತ್ತಾರೆ. ಇದು ಹೋನಿಂಗ್. ಈ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಹೊಸ ರಿಂಗು ಮತ್ತು ಗೋಡೆ ಒಂದನ್ನೊಂದು ಸವರಿಕೊಂಡು ಹೊಂದಿಕೊಳ್ಳುತ್ತವೆ. ಆದರೆ ಸಾಣೆಯ ಪುಡಿ ಒಳಗುಳಿದರೆ ಧೂಳಿನ ಕೆಲಸವನ್ನು ಅದೇ ಮಾಡೀತು. ಮೇಸ್ತ್ರಿಗಳು ಸೋಪಿನ ಬಿಸಿನೀರಿನಲ್ಲಿ ಬ್ಲಾಕನ್ನು ಮೂರು ಸಲ ತೊಳೆಯಿಸಿದರು. ಬಿಳಿಯ ಬಟ್ಟೆಗೆ ಎಣ್ಣೆ ಹಚ್ಚಿ ಗೋಡೆಯನ್ನು ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಮುಂದಿನ ಕೆಲಸಕ್ಕೆ ಅಪ್ಪಣೆಯಿರಲಿಲ್ಲ.

ಮುಚ್ಚಳದ ಬೋಲ್ಟುಗಳನ್ನು ಬಿಗಿಯುವುದೂ ಒಂದು ಲೆಕ್ಕವೇ. ಒಂದಡಿ ಉದ್ದದ ಸ್ಪಾನರಿನ ತುದಿಯಲ್ಲಿ 60ರಿಂದ 70 ಪೌಂಡು ಬಲ ಹಾಕಿದಾಗ ಬೋಲ್ಟು ಸ್ವಲ್ಪ ಹಿಗ್ಗಿ, ಎಳೆದ ಸ್ಪ್ರಿಂಗಿನಂತೆ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ಮಧ್ಯದಿಂದ ಆರಂಭಿಸಿ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಒಂದೇ ತುದಿಯಿಂದ ಬಿಗಿದರೆ ಮುಚ್ಚಳ ಬಾಗುತ್ತದೆ. ಹಳೆಯ ಪೆಟ್ರೋಲ್ ಕೊಳವೆಗಳನ್ನೂ ಪಂಪಿನ ರಬ್ಬರು ಪೊರೆಯನ್ನೂ ಬದಲಿಸಿದೆವು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಆ ಕಾಲದ ರಬ್ಬರು ಅದನ್ನು ತಾಳದು.

ಮೇ ತಿಂಗಳ ಕೊನೆಯಲ್ಲಿ ಎಂಜಿನ್ನು ಉಸಿರಾಡಿತು. ಮೊದಲಿನ 800 ಕಿಲೋಮೀಟರ್ ಹೆಚ್ಚು ಭಾರ ಹೇರದೆ ಓಡಿಸಿ, ಎಣ್ಣೆ ಬದಲಿಸಿ, ಮತ್ತೆ ಒತ್ತಡವನ್ನು ಅಳೆದೆವು. 108, 106, 107, 108. ಹುಡುಗ ಆ ನಾಲ್ಕು ಸಂಖ್ಯೆಗಳನ್ನು ಅಜ್ಜನ ಪೆಟ್ರೋಲ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಟ್ಟನು. ಅದರ ಕೆಳಗೆ ಮೇಸ್ತ್ರಿಗಳು ಹೇಳಿ ಬರೆಯಿಸಿದ ಒಂದು ಸಾಲು ಉಂಟು: ‘ತಿಂಗಳಿಗೊಮ್ಮೆ ರಬ್ಬರು ಕೊಳವೆಯನ್ನು ಕಳಚಿ ನೋಡತಕ್ಕದ್ದು.’

ಅಭ್ಯಾಸಕ್ಕೆ

1. ವ್ಯಾಸವು ಸಾವಿರದ 40 ಇಂಚು ಹೆಚ್ಚಿದಾಗ ಈ ಎಂಜಿನ್ನಿನ ಒಟ್ಟು ಗಾತ್ರ ನೂರಕ್ಕೆ ಎಷ್ಟು ಹೆಚ್ಚುತ್ತದೆ? ಮೂಲ ವ್ಯಾಸ 3.125 ಇಂಚು. ಉತ್ತರ: ಸುಮಾರು 2.6.

2. ಹೊರೆಸಹಿತ 2,200 ಕಿಲೋಗ್ರಾಮ್ ತೂಗುವ ಗಾಡಿ 100 ಮೀಟರ್ ಎತ್ತರವನ್ನು ಏರಲು, ರಸ್ತೆಯ ಘರ್ಷಣೆಯನ್ನು ಬಿಟ್ಟರೆ, ಎಷ್ಟು ಪೆಟ್ರೋಲ್ ಬೇಕು? ಒಂದು ಲೀಟರಿನಲ್ಲಿ 320 ಲಕ್ಷ ಜೂಲ್ ಶಕ್ತಿಯಿದ್ದು ಅದರಲ್ಲಿ ನೂರಕ್ಕೆ 20 ಮಾತ್ರ ಕೆಲಸಕ್ಕೆ ಬರುವುದೆಂದು ತಿಳಿಯಿರಿ. ಸವೆತದಿಂದ ಅದು 15ಕ್ಕೆ ಇಳಿದರೆ? ಉತ್ತರ: ಸುಮಾರು 0.34 ಲೀಟರ್, 0.45 ಲೀಟರ್.

3. ಒಂದು ಬಳೆಯನ್ನು ಮೆಲ್ಲನೆ ಒತ್ತಿ ಅಂಡಾಕಾರ ಮಾಡಿದರೆ ಅದರ ಪರಿಧಿ ಬದಲಾಗುವುದೆ? ಅತಿ ದೊಡ್ಡ ವ್ಯಾಸ ಬದಲಾಗುವುದೆ? ಇದನ್ನು ಯೋಚಿಸಿದರೆ ನಾನು ಮಾಡಿದ ತಪ್ಪು ನಿಮಗೆ ಸ್ಪಷ್ಟವಾಗುತ್ತದೆ.